ಬಾಗಿಲ ಕಡೆಯ ಬೆಳಕು

"ಮೊದ್ಲು ಮುಖ ತೊಳ್ಕೊಂಡು ಬರ್ರಿ!"

ಕ್ಯಾಮೆರಾದ ಹಿಂದಿನಿಂದ ಬಂದ ಆ ಮಾತಿಗೆ ವಾಣಿ ಬೆಚ್ಚಿಬಿದ್ದಳು.

ಏನಿದು! ಗುರುತಿಲ್ಲ, ಪರಿಚಯವಿಲ್ಲ... ಮೊದಲ ಮಾತೇ ಹೀಗಾ?

ಪಕ್ಕದಲ್ಲಿದ್ದ ಅವಳ ತಾಯಿ ಶಕುಂತಲಮ್ಮನವರಿಗೆ ಸಿಟ್ಟು ನೆತ್ತಿಗೇರಿತು. "ಯಾಕ ತಮ್ಮಾ? ನಮ್ಮ ಹುಡುಗಿ ಮುಖ ತೊಳ್ಕೊಂಡೇ ಬಂದೈತೆ."

"ತೊಳ್ಕೊಂಡ ಮ್ಯಾಲೆ ಮೆತ್ತೀರಲ್ಲ ಅಮ್ಮಾ, ಆ ಪೌಡರ್ ತೊಳೀಲಿ ಅಂದೆ. ನಾನು ಇವರ ಫೋಟೋ ತೆಗೀಬೇಕಾ, ಪೌಡರ್ ಡಬ್ಬೀದಾ?"

ವಾಣಿಗೆ ನಗು ಬಂತು. ನಕ್ಕರೆ ಪೌಡರ್ ಉದುರೀತೆಂದು ತುಟಿ ಕಚ್ಚಿ ಹಿಡಿದಳು. ಆದರೂ ಅವನು ನೋಡಿಬಿಟ್ಟ!

ಇದು ತೊಂಬತ್ತೆಂಟನೇ ಇಸವಿಯ ಮಾತು. ಹರಿಹರದ ದೇವಸ್ಥಾನದ ರಸ್ತೆಯಲ್ಲಿ ಶಿವಕುಮಾರನದೊಂದು ಪುಟ್ಟ ಸ್ಟುಡಿಯೋ. ದಾವಣಗೆರೆಯ ನಿಟ್ಟುವಳ್ಳಿಯಿಂದ ಮಗಳನ್ನು ಕರೆದುಕೊಂಡು ಶಕುಂತಲಮ್ಮ ಇಲ್ಲಿಯವರೆಗೆ ಬಸ್ಸು ಹತ್ತಿ ಬಂದಿದ್ದಕ್ಕೆ ಕಾರಣವಿತ್ತು. ದಾವಣಗೆರೆಯಲ್ಲಿ ಗೊತ್ತಿದ್ದ ಸ್ಟುಡಿಯೋಗಳಲ್ಲೆಲ್ಲ ಗಂಡಿನವರಿಗೆ ಕಳಿಸಲು ವಾಣಿಯ ಫೋಟೋ ತೆಗೆಸಿ ಆಗಿತ್ತು. ಇನ್ನೊಮ್ಮೆ ಹೋದರೆ, 'ಇನ್ನೂ ಆಗಲಿಲ್ಲೇನ್ರಿ?' ಎಂದು ಕೇಳುತ್ತಾರೆ. ಆ ಪ್ರಶ್ನೆ ಯಾವ ತಾಯಿಗೆ ಬೇಕು?

"ನೋಡು ತಮ್ಮಾ, ಇಲ್ಲೇ ಹರಿಹರದ ಶಿಶುವಿಹಾರದಾಗ ಟೀಚರ್ ನಮ್ಮ ಹುಡುಗಿ. ಗುಣದಾಗ ಒಂದು ಮಾತು ಹೇಳಂಗಿಲ್ಲ. ಬಣ್ಣ ಒಂದು ಚೂರು... ನೀನು ಬೆಳ್ಳಗೆ ಕಾಣೋ ಹಂಗೆ ತೆಗಿ ಅಷ್ಟೆ."

ಶಿವಕುಮಾರ ಉಸಿರು ಬಿಟ್ಟು, ಎರಡೂ ದೊಡ್ಡ ದೀಪಗಳನ್ನು ಅವಳ ಮುಖದ ಎದುರಿಗೇ ತಂದು ನಿಲ್ಲಿಸಿದ. ಕಣ್ಣು ಕುಕ್ಕುವ ಬೆಳಕು, ಒಲೆಯ ಮುಂದೆ ಕೂತಂಥ ಸೆಕೆ. ಎರಡು ಸಲ ಕ್ಲಿಕ್ ಎನ್ನಿಸಿದ.

ಅಷ್ಟರಲ್ಲಿ ಕರೆಂಟು ಹೋಯಿತು!

"ಅಯ್ಯ, ಇದರ ಮನಿ ಹಾಳಾಗ!" ಎನ್ನುತ್ತ ಶಕುಂತಲಮ್ಮ ಸೆರಗಿನಿಂದ ಗಾಳಿ ಬೀಸಿಕೊಂಡರು. ಬೆವರಿಗೆ ಪೌಡರ್ ಕರಗಿ ವಾಣಿಯ ಕೊರಳಿಗಿಳಿಯುತ್ತಿತ್ತು. ಹಿತ್ತಲಿನ ನಲ್ಲಿಗೆ ಹೋಗಿ ಮುಖ ತೊಳೆದು ಬಂದಳು. ಕಡೆಗೂ ಅವನ ಮಾತೇ ನಡೆಯಿತಲ್ಲ ಎಂದು ಒಳಗೊಳಗೇ ಸಿಡಿಮಿಡಿ!

ಗಾಳಿ ಬರಲೆಂದು ಶಿವಕುಮಾರ ಬೀದಿಯ ಬಾಗಿಲನ್ನು ಪೂರ್ತಿ ತೆರೆದ. ತಿರುಗಿದವನು ಹಾಗೇ ನಿಂತುಬಿಟ್ಟ.

"ಟೀಚರ್ರೇ... ಅಲ್ಲಾಡಬ್ಯಾಡ್ರಿ."

"ಯಾಕ್ರಿ? ಹಲ್ಲಿ ಏನಾದ್ರೂ...?"

"ಹಲ್ಲಿ ಅಲ್ರಿ, ಬೆಳಕು." ಅವನ ದನಿಯೇ ಬದಲಾಗಿತ್ತು. "ಗದ್ದ ಸ್ವಲ್ಪ ಬಾಗಿಲ ಕಡೆಗೆ... ಹಾಂ."

ಓಡಿಹೋಗಿ ಹಿತ್ತಲಿನಲ್ಲಿ ಒಣಗಲು ಹಾಕಿದ್ದ ಬಿಳೀ ಪಂಚೆಯೊಂದನ್ನು ತಂದು ಶಕುಂತಲಮ್ಮನ ಕೈಗೆ ಕೊಟ್ಟ. "ಅಮ್ಮಾ, ಇದನ್ನ ಎರಡೂ ಕೈಲೆ ಅಗಲಿಸಿ, ಅವರ ಆ ಪಕ್ಕಕ್ಕೆ ಹಿಡ್ಕೊಂಡು ನಿಂತ್ಕೊಳ್ರಿ."

"ಏನೋ ಇದು, ಮದುವ್ಯಾಗ ಅಂತರಪಟ ಹಿಡಿದಂಗೆ!"

"ಬಾಗಿಲ ಬೆಳಕು ಒಂದು ಕೆನ್ನಿಗೆ ಬೀಳ್ತೈತೆ. ಇನ್ನೊಂದು ಕೆನ್ನಿ ಕತ್ತಲಾಗ ಉಳೀಬಾರ್ದಲ್ರಿ? ಅದಕ್ಕೆ ಈ ಪಂಚೆ ಒಂಚೂರು ಬೆಳಕು ಹೊಳ್ಳಿ ಕೊಡ್ತೈತೆ."

"ಆ ದೊಡ್ಡ ದೀಪ ಇದ್ದಾಗ ಇದೆಲ್ಲ ಬೇಕಿರ್ಲಿಲ್ಲಲ್ಲ?" ವಾಣಿ ಕೇಳಿದಳು.

"ಎದುರಿಗಿಂದ ಬೆಳಕು ಬಿಟ್ರೆ ಮುಖ ರೊಟ್ಟಿ ತಟ್ಟಿದಂಗೆ ಚಪ್ಪಟೆ ಆಗ್ತೈತೆ. ನೆರಳೇ ಇಲ್ಲ ಅಂದ್ರೆ ಮೂಗು ಎಲ್ಲಿ, ಕೆನ್ನಿ ಎಲ್ಲಿ? ಪಕ್ಕದಿಂದ ಬಂದ್ರೆ ನೋಡ್ರಿ... ಒಂದೊಂದೇ ಎದ್ದು ಬರ್ತಾವು."

ಅವನು ನೋಡುತ್ತಿದ್ದ ರೀತಿಗೆ ವಾಣಿಯ ಎದೆ ಡವಗುಟ್ಟಿತು. ತನ್ನ ಮುಖವನ್ನು ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ. ನೋಡಿದವರೆಲ್ಲ ಬಣ್ಣ ನೋಡಿ ಕಣ್ಣು ತೆಗೆಯುತ್ತಿದ್ದರು!

ಕ್ಲಿಕ್.

"ತಮ್ಮಾ, ನನ್ನ ರಟ್ಟೆ ಬಿದ್ದೋಗ್ತಾವೆ!" ಪಂಚೆಯ ಹಿಂದಿನಿಂದ ಶಕುಂತಲಮ್ಮ ಕೂಗಿದರು.

* * *

ಶಾಲೆ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಆ ಸ್ಟುಡಿಯೋ. ವಾಣಿ ದಿನವೂ ಸಂಜೆ ಬಾಗಿಲಲ್ಲಿ ನಿಂತು ಕೇಳುವಳು.

"ಫೋಟೋ ಬಂತೇನ್ರಿ?"

"ರೀಲು ಇನ್ನೂ ತುಂಬಿಲ್ರಿ ಟೀಚರ್ರೇ. ತುಂಬಿದ್ ಮ್ಯಾಲೆ ತೊಳೆಸಾಕೆ ದಾವಣಗೆರೆಗೆ ಕಳಿಸ್ಬೇಕು."

ಅದೇನು ರೀಲೋ, ಎಷ್ಟು ದಿನವಾದರೂ ತುಂಬಲೊಲ್ಲದು! ವಾಣಿಗೂ ಅವಸರವಿರಲಿಲ್ಲ. ಬೇಕೆಂದೇ ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಹೋಗುವುದು ರೂಢಿಯಾಯಿತು.

ನಡು ಮಧ್ಯಾಹ್ನ ಅವನು ಕ್ಯಾಮೆರಾವನ್ನು ಹೊರಗೇ ತೆಗೆಯುತ್ತಿರಲಿಲ್ಲ. ಬಿಸಿಲು ನೆತ್ತಿಯ ಮೇಲಿದ್ದರೆ ಎಂಥ ಚೆಲುವೆಯ ಕಣ್ಣುಗಳೂ ಗುಳಿಬಿದ್ದಂತೆ ಕಾಣುತ್ತವಂತೆ. ಮೋಡ ಮುಚ್ಚಿದ ದಿನ ಮಾತ್ರ ಹಬ್ಬ. "ಇವತ್ತು ಆಕಾಶಾನೇ ಒಂದು ದೊಡ್ಡ ದೀಪ ನೋಡ್ರಿ, ಎಷ್ಟು ಮೆತ್ತಗೆ ಬೀಳ್ತೈತೆ!" ಎನ್ನುವನು. ಹಾಲಿನ ಬಗ್ಗೆ ಮಾತಾಡಿದ ಹಾಗೆ ಬೆಳಕಿನ ಬಗ್ಗೆ ಮಾತಾಡುವನು... ಇದು ಗಟ್ಟಿ, ಇದು ತೆಳು ಎಂದು.

ವಾಣಿಗೂ ಅದು ಹತ್ತಿತು. ಹೊಳೆಯ ಸೇತುವೆ ದಾಟುವಾಗ ಸಂಜೆಬಿಸಿಲು ಯಾರ ಕೆನ್ನೆಯ ಮೇಲೆ ಹೇಗೆ ಬಿದ್ದಿದೆಯೆಂದು ಬಸ್ಸಿನಲ್ಲಿ ಕೂತು ನೋಡತೊಡಗಿದಳು.

ಒಂದು ದಿನ ಅವನೇ ಕೇಳಿದ. "ಅಲ್ರಿ, ಇಷ್ಟು ಸಲ ಯಾಕ ಫೋಟೋ ತೆಗೆಸಿದ್ರಿ?"

ವಾಣಿ ನಗುತ್ತಲೇ ಹೇಳಿದಳು. "ಸ್ಟುಡಿಯೋದವರು ನನ್ನ ಸುಣ್ಣ ಬಳಿದ ಗ್ವಾಡಿ ಮಾಡಿ ಕೊಡ್ತಾರ್ರಿ. ಗಂಡಿನ ಕಡೆಯೋರು ಫೋಟೋ ನೋಡಿ ಓಡಿ ಬರ್ತಾರೆ. ನನ್ನ ನೋಡ್ತಾರೆ, ಫೋಟೋ ನೋಡ್ತಾರೆ, ಉಪ್ಪಿಟ್ಟು ತಿಂದು ಹೋಗ್ತಾರೆ. ಬೆಳ್ಳನೆ ಫೋಟೋ ಕಳಿಸಿದ್ರೆ ಮದುವಿ ಮುರೀತು ಅಂತಾನೇ ಲೆಕ್ಕ!"

ಅವನು ನಗಲಿಲ್ಲ.

ಕಡೆಗೂ ಫೋಟೋ ಬಂದವು. ದೀಪದ ಎದುರಿನದರಲ್ಲಿ ಯಾರೋ ಬೆಳ್ಳನೆಯ ಬೊಂಬೆ. ಬಾಗಿಲ ಬೆಳಕಿನದನ್ನು ವಾಣಿ ಕೈಗೆತ್ತಿಕೊಂಡಳು. ಎಣ್ಣೆಗಪ್ಪು ಕೆನ್ನೆಯ ಮೇಲೆ ಬೆಳಕು ತುಪ್ಪದಂತೆ ಜಾರಿತ್ತು. ಕಣ್ಣಿನೊಳಗೆ ಪುಟ್ಟದೊಂದು ಬಾಗಿಲು ಹೊಳೆಯುತ್ತಿತ್ತು.

ಇದು... ನಾನಾ?

"ಮಲೆಬೆನ್ನೂರಿನ ಕಡೆಯೋರು ಫೋಟೋ ಕೇಳ್ಯಾರೆ," ಎಂದಳು ಮೆಲ್ಲಗೆ. ಅವನು ಏನಾದರೂ ಅನ್ನಲಿ ಎಂದು ಕಾದಳು. "ಭತ್ತದ ವ್ಯಾಪಾರವಂತೆ."

"ಒಳ್ಳೆ ಮನೆತನ ಇರ್ಬೇಕು," ಎಂದ ಶಿವಕುಮಾರ, ಗೋಡೆಯನ್ನು ನೋಡುತ್ತ.

ಅಷ್ಟೇನಾ? ವಾಣಿ ಫೋಟೋವನ್ನು ಮೇಜಿನ ಮೇಲಿಟ್ಟಳು. "ನಾಳೆ ಅಮ್ಮ ಬಂದು ದುಡ್ಡು ಕೊಟ್ಟು ಒಯ್ತಾರೆ. ಈ ಬಾಗಿಲ ಬೆಳಕಿನದನ್ನೇ ಕೊಡ್ರಿ. ನನ್ನ ನೋಡೋರು ನನ್ನೇ ನೋಡ್ಲಿ. ಮರೀಬ್ಯಾಡ್ರಿ."

* * *

"ನೋಡು ಬಾರೇ ವಾಣಿ, ಎಷ್ಟು ಲಕ್ಷಣ ಬಂದೈತೆ! ಒಂದು ಕಾಪಿ ಮಲೆಬೆನ್ನೂರಿಗೆ ಹೋತು, ಭಾನುವಾರವೇ ಬರ್ತಾರಂತೆ!"

ತಾಯಿ ಹಿಡಿದಿದ್ದ ಫೋಟೋವನ್ನು ವಾಣಿ ಕಸಿದುಕೊಂಡು ನೋಡಿದಳು.

ಸುಣ್ಣದ ಗೋಡೆ!

ಮರುದಿನ ಸಂಜೆ ಅವಳು ಸ್ಟುಡಿಯೋಕ್ಕೆ ನುಗ್ಗಿದ ರಭಸಕ್ಕೆ ಪಾಸ್‌ಪೋರ್ಟ್ ಫೋಟೋಕ್ಕೆ ಕೂತಿದ್ದ ಗಿರಾಕಿ ಎದ್ದು ನಿಂತ.

"ಅಮ್ಮ ಕೇಳಿದ್ರಾ, ನೀವೇ ಕೊಟ್ರಾ?"

ಶಿವಕುಮಾರ ತಲೆ ತಗ್ಗಿಸಿದ. "ನಾನೇ ಕೊಟ್ಟೆ."

"ಯಾಕ್ರಿ?"

ಅವನು ಕ್ಯಾಮೆರಾ ಒರೆಸತೊಡಗಿದ.

"ನೀವೂ ಎಲ್ಲರಂಗೇ ಅಲ್ಲೇನ್ರಿ? ನನ್ನ ಮುಖ ಇದ್ದಂಗೆ ಇದ್ರೆ ನಡೆಯಂಗಿಲ್ಲ ಅಂತ ನಿಮಗೂ ಅನ್ನಿಸ್ತು! ಮತ್ತೆ ಅಷ್ಟು ದಿನ ಆ ಬೆಳಕಿನ ಮಾತೆಲ್ಲ ಯಾಕ ಹೇಳಿದ್ರಿ?"

ಕಣ್ಣೀರು ಅವನಿಗೆ ಕಾಣಬಾರದೆಂದು ತಿರುಗಿ ನಡೆದುಬಿಟ್ಟಳು. ಮಾರನೆಯ ದಿನದಿಂದ ಬಸ್‌ಸ್ಟ್ಯಾಂಡಿಗೆ ಬೇರೆ ದಾರಿ ಹಿಡಿದಳು. ಆ ದಾರಿಯಲ್ಲಿ ಸಂಜೆಯ ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಲೂ ಇಲ್ಲ.

* * *

ಭಾನುವಾರ ಗಂಡಿನವರು ಬರುವ ಹೊತ್ತಿಗೆ ಶಕುಂತಲಮ್ಮ ನಡುಮನೆಯ ಟ್ಯೂಬ್‌ಲೈಟ್ ಹಾಕಿ, ಮಗಳಿಗೆ ಪೌಡರ್ ಹಚ್ಚಿ ಮುಗಿಸಿದ್ದರು. ಅವರು ಅಡಿಗೆಮನೆಗೆ ಹೋದದ್ದೇ ತಡ, ವಾಣಿ ಮುಖ ತೊಳೆದು ಬಂದಳು. ಟ್ಯೂಬ್‌ಲೈಟ್ ಆರಿಸಿದಳು. ಹಿತ್ತಲ ಬಾಗಿಲು ತೆರೆದು, ಅದರ ಪಕ್ಕಕ್ಕೆ ಚಾಪೆ ಎಳೆದುಕೊಂಡಳು.

ಅಪ್ಪ ಶಿವಯೋಗಪ್ಪ ಪೇಪರಿನಿಂದ ತಲೆಯೆತ್ತಿದರು. "ಏನವ್ವಾ ಇದು?"

"ಇವತ್ತು ನಾನು ಇದ್ದಂಗೆ ಕೂಡ್ತೀನಿ ಅಪ್ಪಾಜಿ."

"ಕೂಡು ಮತ್ತೆ," ಎಂದು ಅವರು ಪುಟ ತಿರುವಿದರು.

ಹುಡುಗ ಸಂತೋಷ, ಜೊತೆಗೆ ಅವನ ಸೋದರತ್ತೆ ಹೊನ್ನಕ್ಕ ಬಂದು ಕೂತರು. ಉಪ್ಪಿಟ್ಟು ಬಂತು. ಹೊನ್ನಕ್ಕ ಚೀಲದಿಂದ ಫೋಟೋ ತೆಗೆದರು. ಫೋಟೋ ನೋಡಿದರು... ವಾಣಿಯನ್ನು ನೋಡಿದರು... ಮತ್ತೆ ಫೋಟೋ!

ಆ ನೋಟ ವಾಣಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಈ ಸಲ ಅವಳು ತಲೆ ತಗ್ಗಿಸಲಿಲ್ಲ.

"ಅತ್ತೀ, ಫೋಟೋಕ್ಕಿಂತ ಇವರೇ ಛಲೋ ಅದಾರಲ್ಲ!" ಸಂತೋಷ ನಕ್ಕ. "ಇದನ್ನ ತೆಗೆದೋನು ಯಾವನೋ! ಅವನಿಗೆ ಲೈಟ್ ಅಂದ್ರೇನು ಅಂತಾನೇ ಗೊತ್ತಿಲ್ಲ ಬಿಡ್ರಿ."

"ಗೊತ್ತೈತೆ!"

ವಾಣಿಯ ದನಿಗೆ ಶಿವಯೋಗಪ್ಪನವರ ಪೇಪರ್ ಕೆಳಗೆ ಬಿತ್ತು.

"ಅವರಿಗೆ ಗೊತ್ತಿದ್ದಷ್ಟು ಬೆಳಕು ಈ ಸೀಮ್ಯಾಗ ಯಾರಿಗೂ ಗೊತ್ತಿಲ್ಲ! ಎದುರಿಗಿಂದ ಬೆಳಕು ಬಿಡಬಾರ್ದು ಅಂತ ನನಗೆ ಹೇಳಿಕೊಟ್ಟೋರೇ ಅವರು. ಪಾಸ್‌ಪೋರ್ಟ್ ಫೋಟೋ ಕೂಡ ಹಾಳು ಮಾಡಿ ಕೊಡೋರಲ್ಲ!"

"ಹೌದಾ? ಅಷ್ಟು ಗೊತ್ತಿದ್ದೋರು ಮತ್ತೆ ಇದನ್ನ ಯಾಕ ಕೊಟ್ರು?" ಸಂತೋಷ ಕೇಳಿದ.

ವಾಣಿ ಬಾಯಿ ತೆರೆದಳು.

ಯಾಕೆ ಕೊಟ್ಟರು?

ಬೆಳ್ಳನೆ ಫೋಟೋ ಕಳಿಸಿದರೆ ಮದುವೆ ಮುರಿಯಿತು ಎಂದು ಅವನಿಗೆ ಹೇಳಿದ್ದು ಯಾರು? ತಾನೇ! ತುಂಬದ ರೀಲು... ಗೋಡೆ ನೋಡುತ್ತ ಆಡಿದ ಆ ಮಾತು... ತಗ್ಗಿಸಿದ ತಲೆ... ಅಯ್ಯೋ ದೇವರೇ!

ಅವಳಿಗೆ ನಗು ಉಕ್ಕಿಬಂತು. ಕೈಯಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬೇರೆ! ಸಂತೋಷ ಅವಳನ್ನೇ ನೋಡಿ, ಅರ್ಥವಾದವನಂತೆ ತಾನೂ ಜೋರಾಗಿ ನಕ್ಕುಬಿಟ್ಟ.

"ಅತ್ತೀ, ನಾವು ತಡ ಮಾಡಿ ಬಂದ್ವಿ. ಈ ಮನೀಗೆ ನಮಗಿಂತ ಮೊದ್ಲೇ ಬೆಳಕು ಬಂದೈತೆ. ಉಪ್ಪಿಟ್ಟು ಛಲೋ ಐತೆ, ಮುಗಿಸಿ ಹೊರಡಾಣ."

"ಅಲ್ಲೋ, ಏನಾತೋ?" ಹೊನ್ನಕ್ಕನಿಗೆ ಏನೂ ಹರಿಯಲಿಲ್ಲ.

ಬಾಗಿಲಲ್ಲಿ ಅವನು ವಾಣಿಗೆ ಮೆಲ್ಲಗೆ ಹೇಳಿದ, "ನನ್ನ ಪರವಾಗೂ ಯಾರಾದ್ರೂ ಹಿಂಗೆ ಜಗಳಾಡೋರು ಸಿಗ್ಲಿ ಅಂತ ಹರಸ್ರಿ."

ಅವರು ಹೋದ ಮೇಲೆ ಶಕುಂತಲಮ್ಮ ಹಣೆ ಚಚ್ಚಿಕೊಂಡರು. "ಆ ಫೋಟೋದ ಹುಡುಗನಾ? ಇದೆಲ್ಲ ಯಾವಾಗ ನಡೀತೇ?"

ಶಿವಯೋಗಪ್ಪ ಪೇಪರ್ ಮಡಚಿದರು. "ಶಕುಂತಲಾ, ಅವತ್ತು ಸ್ಟುಡಿಯೋದಾಗ ಅಂತರಪಟದಂಗೆ ಪಂಚೆ ಹಿಡ್ಕೊಂಡು ನಿಂತಾಕಿ ನೀನೇ ಅಲ್ಲೇನು?"

ಶಕುಂತಲಮ್ಮನಿಗೆ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ಕೇಳಿದರು, "ಆ ಇನ್ನೊಂದು ಫೋಟೋ ಎಲ್ಲೈತೆ? ಬಾಗಿಲ ಬೆಳಕಿಂದು. ನಾನೂ ಒಮ್ಮೆ ನೋಡ್ಬೇಕು."

* * *

ಸೋಮವಾರ ಸಂಜೆ ಅದೇ ಬಾಗಿಲು, ಅದೇ ಬಿಸಿಲು.

"ಬರ್ರಿ ಟೀಚರ್ರೇ." ಶಿವಕುಮಾರನ ಮುಖ ಬಾಡಿತ್ತು. "ಒಳ್ಳೇದಾಗ್ಲಿ ನಿಮಗೆ."

"ಏನು ಒಳ್ಳೇದು?"

"ಬಿಲ್ಲಿನಾಗಿನ ವಿಳಾಸ ಹಿಡಿದು ನಿನ್ನೆ ನಿಮ್ಮ ಮನೀತನಕ ಬಂದಿದ್ದೆ. ಸರಿಯಾದ ಫೋಟೋ ತಗೊಂಡು." ಅವನು ನುಂಗಿಕೊಂಡು ಹೇಳಿದ. "ನಾನು ಮಾಡಿದ್ದು ತಪ್ಪು. ಅವರು ಒಲ್ಲೆ ಅನ್ಲಿ ಅಂತ್ಲೇ ಆ ಬೆಳ್ಳಂದು ಕೊಟ್ಟೆ. ಅವರು ಒಲ್ಲೆ ಅಂದ್ರೆ ನೋವಾಗೋದು ನಿಮಗೇ ಅಂತ ಆಮ್ಯಾಲೆ ಹೊಳೀತು. ಅದಕ್ಕೆ ಓಡಿ ಬಂದೆ... ಬಾಗಿಲಿಗೆ ಬರಾದ್ರಾಗ ಒಳಗ ನೀವೂ ಆ ಹುಡುಗನೂ ನಗ್ತಿದ್ರಿ. ಕೂಡಿತು ಅಂದ್ಕೊಂಡು ಹೊಳ್ಳಿ ಬಂದೆ."

"ಅಯ್ಯೋ ಹುಚ್ಚಪ್ಪಾ..." ವಾಣಿಯ ದನಿ ಒದ್ದೆಯಾಯಿತು. "ಆ ನಗು ನಿಮ್ಮ ಸಲುವಾಗಿ ಬಂದಿದ್ದು! ಅವರು ಹೊಳ್ಳಿ ಹೋದ್ರು."

"ಹೊಳ್ಳಿ... ಹೋದ್ರಾ?"

"ಬೆಳಕಿನ ಬಗ್ಗೆ ಅಷ್ಟು ಮಾತಾಡೋರಿಗೆ, ಒಂದು ಮಾತು ಬಾಯಿಬಿಟ್ಟು ಕೇಳಾಕೆ ಏನಾಗಿತ್ತು?"

ಶಿವಕುಮಾರ ಹತ್ತಿರ ಬಂದ. ಬಾಗಿಲ ಬೆಳಕು ಈಗ ಅವನ ಮುಖದ ಮೇಲಿತ್ತು. ಬೆವರು, ಭಯ, ಆಸೆ ಯಾವುದನ್ನೂ ಅದು ಮುಚ್ಚಿಡಲಿಲ್ಲ.

"ವಾಣಿ... ನನ್ನ ಮದುವಿ ಆಗ್ತೀರಾ?"

"ಆ ಹೆಸರು ಹಿಡಿದು ಕರೆಯಾಕೆ ಇಷ್ಟು ದಿನ ಬೇಕಾತು ನೋಡ್ರಿ!" ಕಣ್ಣೊರೆಸಿಕೊಂಡು ನಕ್ಕಳು. "ಆಗ್ತೀನಿ. ನಮ್ಮ ಅಪ್ಪಾಜಿ ಬಂದು ಮಾತಾಡ್ತಾರೆ. ಅಮ್ಮ ಇವತ್ತೇ ಬಂದಾರೆ."

"ಎಲ್ಲಿ?" ಅವನು ಗಾಬರಿಯಾದ.

ಹಿತ್ತಲ ಕಡೆಯಿಂದ ಶಕುಂತಲಮ್ಮ ಬಂದರು. ಒಣಹಾಕಿದ್ದ ಪಂಚೆ ಅವರ ಎರಡೂ ಕೈಯಲ್ಲಿ ಅಗಲವಾಗಿ ಹರಡಿತ್ತು.

"ಎಲ್ಲಿ ಹಿಡೀಬೇಕು ಹೇಳು ತಮ್ಮಾ. ಬೇಗ ತೆಗಿ, ನನ್ನ ರಟ್ಟೆ ನೋಯ್ತಾವೆ!"

ಅವನು ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ, ತಾನಾಗಿಯೇ ಕ್ಲಿಕ್ಕಾಗುವ ಗುಂಡಿ ಒತ್ತಿ, ಓಡಿಬಂದು ಅವಳ ಪಕ್ಕದಲ್ಲಿ ಕೂತ. ಕ್ಯಾಮೆರಾ ಟಿಕ್ ಟಿಕ್ ಎನ್ನತೊಡಗಿತು.

"ಇನ್ನೂ ಸ್ವಲ್ಪ ಈ ಕಡೆ ಬರ್ರಿ," ಎಂದಳು ವಾಣಿ, ಮುಂದೆ ನೋಡುತ್ತಲೇ.

"ಬೆಳಕು ಸರಿ ಬೀಳಾಕಾ?"

"ಅಲ್ಲ... ನನಗೆ ಹತ್ತಿರ ಆಗಾಕೆ."