ಹಸಿದ ಕೌದಿ

“ಬ್ಯಾಡ್ರಿ ಸಾಹೇಬ್ರ. ಹೊಟ್ಟಿ ತುಂಬಸಲಾರದ ಬಾಯಿ ಹೊಲದ್ರ, ಕೌದಿ ಹೊದ್ದವರನ್ನ ತಿಂತೈತ್ರಿ.”

ಹುಲಿಗವ್ವ ಹೀಗೆ ಹೇಳಿದಾಗ ಗೌತಮ ಮೂಗಿನಲ್ಲೇ ನಕ್ಕ. ಕೊಪ್ಪಳದ ಪೇಟೆಯಲ್ಲಿ ಬೆಳೆದವನು. ಮರಳಿಯ ಆರೋಗ್ಯ ಉಪಕೇಂದ್ರಕ್ಕೆ ಅಧಿಕಾರಿಯಾಗಿ ಬಂದು ಇನ್ನೂ ಒಂದು ಬೆಳೆ ಕೂಡ ಕಂಡಿರಲಿಲ್ಲ. ಅಷ್ಟರಲ್ಲೇ ಈ ಊರಿನಲ್ಲಿ ತಲೆ ಇರುವವನು ತಾನೊಬ್ಬನೇ ಎಂದು ತೀರ್ಮಾನ ಮಾಡಿಬಿಟ್ಟಿದ್ದ ಮಹಾಶಯ. ನಾಟಿಗೆ ಬಂದ ಕೂಲಿಯವರ ಮಕ್ಕಳ ಬೆರಳ ಸಂದಿಯಲ್ಲಿ ಕಜ್ಜಿ ಕಂಡರೆ ಸಾಕು, ಮುಲಾಮು ಕೊಡುವ ಮೊದಲು ಮಂಗಳಾರತಿ ಎತ್ತುತ್ತಿದ್ದ: “ಜಳಕಾ ಮಾಡ್ರಲೇ, ಮನಷ್ಯಾರಾಗ್ರಿ.” ಕಜ್ಜಿಗೆ ಜಳಕದ ಹಂಗಿಲ್ಲ, ಮೈಗೆ ಮೈ ತಾಗಿದರೆ ಎಂಥ ಸ್ವಚ್ಛ ಮನುಷ್ಯನಿಗೂ ಹತ್ತುತ್ತದೆ ಎಂದು ಅವನೇ ಓದಿ ಪರೀಕ್ಷೆ ಬರೆದು ಪಾಸಾಗಿದ್ದ. ಓದಿದ್ದು ಬೇರೆ, ಬಾಯಿ ಬೇರೆ.

ಕೌದಿ ಅವನ ಮಗಳದ್ದು. ಹೆಂಡತಿ ರಂಜಿತಾ ಕುಷ್ಟಗಿಯ ತವರಿನಲ್ಲಿ ಬಾಣಂತಿ. ಅತ್ತೆ ತನ್ನ ಮೆತ್ತನೆಯ ಹಳೆ ಸೀರೆಗಳನ್ನೆಲ್ಲ ಗಂಟು ಕಟ್ಟಿ ಕಳಿಸಿದ್ದಳು, ಮೊಮ್ಮಗಳಿಗೆ ಕೌದಿ ಹೊಲಿಸಲಿಕ್ಕೆಂದು. ಮರಳಿಯಲ್ಲಿ ಹುಲಿಗವ್ವನ ಕೈ ಹೊಲಿಗೆ ಹೆಸರಾದದ್ದು. ಅವಳ ನಾಲಿಗೆಯೂ ಹಾಗೆಯೇ.

ಕಟ್ಟೆಯ ಮೇಲೆ ಕೌದಿ ಹರಡಿಕೊಂಡಿತ್ತು. ಎಲ್ಲಿಂದಲೋ ಅಕ್ಕಿ ಗಿರಣಿಯ ಬೆಂದ ಭತ್ತದ ಘಾಟು ಬರುತ್ತಿತ್ತು. ಮೂರು ಮೂಲೆ ಮುಗಿದು ನಾಲ್ಕನೆಯದರಲ್ಲಿ ಒಂದು ಪುಟ್ಟ ಜೇಬಿನಷ್ಟು ಬಾಯಿ ಉಳಿದಿತ್ತು. ಅದರೊಳಗೆ ಹುಲಿಗವ್ವ ಜೋಳದ ರೊಟ್ಟಿಯ ಒಂದು ಚೂರು, ಚಿಟಿಕೆ ಬೆಲ್ಲ ಇಟ್ಟಿದ್ದಳು. ಅವಳ ತಾಯಿಯೂ ಇಟ್ಟಿದ್ದಳು, ಅಜ್ಜಿಯೂ ಇಟ್ಟಿದ್ದಳು. ಎಷ್ಟೋ ಜನ ಉಟ್ಟು ಸವೆಸಿದ ಬಟ್ಟೆ, ಅದಕ್ಕೂ ಹಸಿವಿರುತ್ತದೆ, ಉಣಿಸಿಯೇ ಬಾಯಿ ಮುಚ್ಚಬೇಕು ಎಂಬುದು ಅವರ ಲೆಕ್ಕ.

“ಇರುವಿ ಮುತ್ತತಾವ, ಬೂಸರ ಹಿಡಿತೈತಿ. ನನ್ನ ಮಗಳು ತಂಗಳ ರೊಟ್ಟಿ ಮ್ಯಾಲೆ ಮಲಗಬೇಕೇನು?” ಗೌತಮ ಎರಡು ಬೆರಳು ತೂರಿಸಿ ರೊಟ್ಟಿ ಎಳೆದು ತೆಗೆದ. ಅಂಗಳದಲ್ಲಿ ಮಲಗಿದ್ದ ನಾಯಿಯತ್ತ ಎಸೆದ. ನಾಯಿ ಮೂಸಿ ನೋಡಿ, ಎದ್ದು ಹೋಯಿತು.

ಬಿಳಿ ದಾರದ ಉಂಡೆ ಪಕ್ಕದಲ್ಲೇ ಇತ್ತು. ಹುಲಿಗವ್ವ ಕಪ್ಪು ದಾರ ಪೋಣಿಸಿದಳು. ಹೊಲಿಯುವಾಗ ತುಟಿ ಅಲ್ಲಾಡುತ್ತಿತ್ತು. ಕೊನೆಗೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಗಂಟಿನ ಮೇಲೆ ಥೂ ಎಂದು ಉಗುಳಿದಳು.

“ಏನ್ ಮುದುಕಿ, ಮಾಟ ಮಾಡಿದೇನ?”

“ಮಾಡಾವರು ಹೇಳಿ ಮಾಡತಾರೇನ್ರಿ? ಒಯ್ರಿ. ಉಪವಾಸ ಕೆಡವಿದಾವರು ನೀವು. ಉಣಸೂದೂ ನಿಮ್ಮ ಪಾಲಿಂದು.”

ಚಹಾದಂಗಡಿಯಲ್ಲಿ ಗೌತಮ ಇದನ್ನೆಲ್ಲ ಅಭಿನಯಿಸಿ ತೋರಿಸಿದ. ಅಂಗಡಿಯ ಓಬಳೆಪ್ಪ ನಗಲಿಲ್ಲ. ಲೋಟ ತೊಳೆಯುತ್ತ, “ಕೂಸಿಗೆ ಹೊದಸಬ್ಯಾಡ್ರಿ ಸರ,” ಎಂದಷ್ಟೇ ಹೇಳಿದ. ಹಾಗಾದರೆ ನಾನೇ ಹೊದ್ದು ತೋರಿಸುತ್ತೇನೆ ಎಂದು ಗೌತಮ ಅವತ್ತೇ ಅದನ್ನು ಹೊದ್ದು ಮಲಗಿದ. ಊರಿಗೆ ಬುದ್ಧಿ ಕಲಿಸುವ ಹುಮ್ಮಸ್ಸು ನೋಡಿ!

ಕೌದಿಯಿಂದ ಒಂದು ವಾಸನೆ ಬರುತ್ತಿತ್ತು. ಸೀರೆಯದಲ್ಲ, ಸಾಬೂನಿನದಲ್ಲ. ದಿನವಿಡೀ ಏನೂ ತಿನ್ನದವರ ಬಾಯಿಂದ ಬರುವ ಹುಳಿ ವಾಸನೆ.

ತುರಿಕೆ ಬೆರಳ ಸಂದಿಯಿಂದ ಶುರುವಾಯಿತು. ಮಣಿಕಟ್ಟು, ಸೊಂಟ, ಹೊಕ್ಕುಳ ಸುತ್ತ. ಹಗಲು ಸುಮ್ಮನಿದ್ದು, ಮಲಗಿದ ಕೂಡಲೇ ಏಳುತ್ತಿತ್ತು. ಸಣ್ಣ ಸಣ್ಣ ಗುಳ್ಳೆ, ನಡುನಡುವೆ ಬೂದು ಬಣ್ಣದ ಗೀರು. ಕಜ್ಜಿ. ಕೂಲಿ ಮಕ್ಕಳಿಂದ ಹತ್ತಿದ್ದು, ಮತ್ತೇನು? ಗೌತಮ ಹಲ್ಲು ಕಚ್ಚಿ ಅವರನ್ನೇ ಬೈದ. ಕುತ್ತಿಗೆಯಿಂದ ಅಂಗಾಲಿನವರೆಗೆ ಮುಲಾಮು ಬಳಿದುಕೊಂಡು ಬೆಳಿಗ್ಗೆ ತೊಳೆದ. ವಾರ ಬಿಟ್ಟು ಮತ್ತೆ ಬಳಿದ. ಬಟ್ಟೆಬರೆ ಕುದಿಸಿದ. ಕೌದಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಬಾಯಿ ಬಿಗಿದು ಮಂಚದ ಕೆಳಗೆ ದೂಡಿದ. ಮನುಷ್ಯರ ಮೈ ಸಿಗದಿದ್ದರೆ ಹುಳು ಕೆಲವೇ ದಿನಗಳಲ್ಲಿ ಸಾಯುತ್ತದೆ.

“ಉಪವಾಸ ಬಿದ್ದು ಸಾಯಲಿ,” ಎಂದ. ಜೋರಾಗಿಯೇ ಎಂದ.

ತುರಿಕೆ ನಿಲ್ಲಲಿಲ್ಲ. ಗಂಗಾವತಿಯ ಚರ್ಮದ ಡಾಕ್ಟರು ಕನ್ನಡಕ ಏರಿಸಿ ನೋಡಿ, “ಹುಳ ಸತ್ತಾವ. ಸತ್ತ ಹುಳಕ್ಕೂ ಚರ್ಮ ಸಿಟ್ಟಾಗತೈತಿ, ಇನ್ನೊಂದಿಷ್ಟು ವಾರ ಕೆರೀತೈತಿ. ಹೆದರಬ್ಯಾಡ. ಆ ಮುಲಾಮು ಮಾತ್ರ ಮತ್ತ ಮತ್ತ ಬಳಕೋಬ್ಯಾಡ, ಚರ್ಮ ಸುಡತೈತಿ,” ಎಂದರು. ಅವರು ಹೇಳಿದ್ದು ಖರೇನೇ. ಗೌತಮ ಕೇಳಿದನೇ? ಕದ್ದು ಮತ್ತೆ ಬಳಿದುಕೊಂಡ, ಮೈ ಬೆಂಕಿ ಮಾಡಿಕೊಂಡ.

ರಂಜಿತಾ ಫೋನಿನಲ್ಲಿ ಕೇಳುತ್ತಿದ್ದಳು. “ಕೂಸನ್ನ ಕರ್ಕೊಂಡು ಬರ್ಲೇನ್ರಿ?”

“ಬ್ಯಾಡ. ಇನ್ನೂ ಕೆರೀತೈತಿ. ಅಕಿಗೆ ಹತ್ತಿದ್ರ?”

“ಹುಟ್ಟಿದ ದಿನ ಎತ್ಕೊಂಡಿದ್ದಷ್ಟ ನೀವು. ಅಪ್ಪ ಅನ್ನಾವ ಹೆಂಗಿರತಾನಂತ ಅದಕ್ಕ ಗೊತ್ತs ಇಲ್ಲ.”

ಮಗಳನ್ನು ಎತ್ತಿಕೊಳ್ಳಬೇಕು. ಜಗತ್ತಿನಲ್ಲಿ ಗೌತಮನಿಗೆ ಬೇಕಾಗಿದ್ದದ್ದು ಈಗ ಅದೊಂದೇ. ಉಪಕೇಂದ್ರದಲ್ಲಿ ಕೂತು ಅವನು ಮೊಣಕೈ ಕೆರೆದುಕೊಳ್ಳುತ್ತಿದ್ದರೆ, ಸಾಲಿನಲ್ಲಿ ನಿಂತ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. “ಸಾಹೇಬ್ರ, ಜಳಕಾ ಮಾಡೀರಿಲ್ಲೋ?” ಎಂದು ಒಬ್ಬಳು ಕೇಳಿಯೂಬಿಟ್ಟಳು. ನಗಲಿ ಬಿಡಿ, ಅವರಿಗೂ ಒಂದು ದಿನ ಬೇಕಿತ್ತು.

ಅವತ್ತು ಸಂಜೆ ನಲ್ಲಿಯ ಕೆಳಗೆ ಕೈ ಹಿಡಿದಾಗ ಅವನು ಸರಿಯಾಗಿ ನೋಡಿದ. ಬೂದು ಗೀರುಗಳು ಮೊದಲು ಹೇಗೆಂದರೆ ಹಾಗೆ ಚೆದುರಿದ್ದವು. ಈಗ ಸಾಲು ಹಿಡಿದಿದ್ದವು. ಒಂದು ಗೀರು, ಒಂದು ಬಿಡುವು. ಮತ್ತೊಂದು ಗೀರು, ಅಷ್ಟೇ ಬಿಡುವು. ಮಣಿಕಟ್ಟಿನಿಂದ ಹೊರಟು ಮೊಣಕೈಯಲ್ಲಿ ತಿರುಗಿ ಹಿಂದಕ್ಕೆ ಬರುತ್ತಿದ್ದವು.

ಹೊಲಿಗೆ.

ಕರೆಂಟು ಹೋಯಿತು. ಗದ್ದೆಯ ಸೊಳ್ಳೆಗೆಂದು ಮುಚ್ಚಿದ ಕಿಟಕಿ. ಕೋಣೆಯಲ್ಲಿ ಗವ್ವೆನ್ನುವ ಕತ್ತಲು. ಹುಳಿ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಗೌತಮ ತೋಳು ಕೆರೆದುಕೊಂಡ. ಮಂಚದ ಕೆಳಗೂ ಕೆರೆದ ಸದ್ದು. ಪರ್, ಪರ್. ಪ್ಲಾಸ್ಟಿಕ್ಕಿನ ಒಳಗಿನಿಂದ. ಅವನು ಮತ್ತೆ ಕೆರೆದ. ಅದೂ ಕೆರೆಯಿತು. ಅವನು ಕೈ ನಿಲ್ಲಿಸಿದ.

ಅದು ನಿಲ್ಲಿಸಲಿಲ್ಲ.

ಬರಿಗಾಲಲ್ಲಿ ಓಡಿದ. ಹುಲಿಗವ್ವ ಚಿಮಣಿ ಹಚ್ಚಿಕೊಂಡು ಬಾಗಿಲಲ್ಲೇ ಕೂತಿದ್ದಳು, ಬರುತ್ತಾನೆಂದು ಗೊತ್ತಿದ್ದವಳ ಹಾಗೆ. ಒಳಗೆ ಬಾ ಎನ್ನಲಿಲ್ಲ.

“ಬಿಡಸು ಇದನ್ನ,” ಎಂದ ಗೌತಮ.

“ಹೊಲದಾಕಿ ನಾನು. ಹಸಿವಿ ಹಚ್ಚಿದಾಂವ ನೀನು.” ಸಾಹೇಬ ಹೋಗಿ ನೀನು ಬಂದಿತ್ತು. “ನಿನ್ನ ತಾಟಿನ ಮೊದಲನೇ ತುತ್ತು ಅದರ ಬಾಯಾಗ ಇಡು. ತಪ್ಪಾತು, ಉಣ್ಣವ್ವಾ ಅನ್ನು. ಎಂಜಲ ಇಟ್ಟೀಯಂದ್ರ ಮುಗೀತು, ನೋಡ್ಕೋ.”

“ಅಷ್ಟs?”

“ನಿನಗದು ಅಷ್ಟs ಅನಸತೈತೇನು?” ಹುಲಿಗವ್ವ ಚಿಮಣಿ ಊದಿ ಆರಿಸಿದಳು.

ಮನೆಗೆ ಬರುವಷ್ಟರಲ್ಲಿ ಕರೆಂಟು ಬಂದಿತ್ತು. ಬೆಳಕು ಬಂದರೆ ಇಂಥವರಿಗೆ ಧೈರ್ಯವೂ ಬರುತ್ತದೆ, ಕೊಬ್ಬೂ ಬರುತ್ತದೆ. ಬಟ್ಟೆಯ ಗಂಟಿಗೆ ಕೈಮುಗಿಯಬೇಕಂತೆ! ಮೇಜಿನ ಮೇಲೆ ಬೆಳಿಗ್ಗೆ ಕಚ್ಚಿ ಬಿಟ್ಟಿದ್ದ ಬನ್ನಿತ್ತು. ಗೌತಮ ಚೀಲ ಹರಿದ. ಬ್ಲೇಡಿನಿಂದ ಕಪ್ಪು ದಾರ ಕೊಯ್ದ. ಆ ಎಂಜಲು ಬನ್ನನ್ನೇ ಒಳಗೆ ತುರುಕಿದ.

“ತಿನ್ನು. ತಿಂದು ಸಾಯಿ.”

ತುರಿಕೆ ನಿಂತಿತು.

ಅಲ್ಲೇ, ಆ ಕ್ಷಣವೇ. ಬೆಳಗಾಗುವುದರೊಳಗೆ ಗೀರುಗಳೂ ಇರಲಿಲ್ಲ. ಗೌತಮ ಕನ್ನಡಿಯ ಮುಂದೆ ಎರಡೂ ತೋಳು ಚಾಚಿ ನಕ್ಕ. ಡಾಕ್ಟರು ಹೇಳಿದ್ದ ವಾರಗಳು ಮುಗಿದವು, ಮದ್ದು ಹತ್ತಿತು, ಅಷ್ಟೇ ಕತೆ! ಕುಷ್ಟಗಿಗೆ ಫೋನು ಮಾಡಿ, “ಇವತ್ತs ಬಾ,” ಎಂದ. ಮನೆಯ ಕೀಲಿ ಪಕ್ಕದಲ್ಲಿ ಕೊಟ್ಟು ಉಪಕೇಂದ್ರಕ್ಕೆ ನಡೆದ. ಮಂಚದ ಮೇಲೆ ಬಿದ್ದಿದ್ದ ಕೌದಿಯ ವಿಚಾರ ರಂಜಿತಾಗೆ ಒಂದು ಮಾತೂ ಹೇಳಲಿಲ್ಲ. ಏನಂತ ಹೇಳುತ್ತಾನೆ, ಮುದುಕಿಗೆ ಹೆದರಿದೆ ಅಂತಲೇ?

ಸಂಜೆ ಮನೆ ಹೊಕ್ಕಾಗ ಮತ್ತೆ ಕರೆಂಟು ಇರಲಿಲ್ಲ. ರಂಜಿತಾ ಕತ್ತಲಲ್ಲಿ ಪಿಸುಗುಟ್ಟಿದಳು.

“ಸಾವಕಾಶ. ಮಲಗ್ಯಾಳ. ಬಂದಾಗಿಂದ ಒಂದs ಸವನ ಅಳು. ಅವ್ವನ ಸೀರಿ ಕೌದಿ ಸಿಕ್ತು, ಹೊದಿಸಿದ್ದ ತಡ, ಗಪ್ ಆದ್ಲು. ಹಾಲೂ ಒಲ್ಲೆ ಅಂತಾಳ್ರಿ. ಬಾಯಿನs ತೆರಿವಲ್ಲಳು.”

ಗೌತಮ ಮೊಬೈಲಿನ ಬೆಳಕು ಹಾಕಿದ. ಕೌದಿಯಿಂದ ಹೊರಬಂದ ಪುಟ್ಟ ಅಂಗಾಲು. ಅದರ ಮೇಲೆ ಬೂದು ಗೀರು. ಒಂದು ಗೀರು, ಒಂದು ಬಿಡುವು. ಅಂಗೈಯಲ್ಲೂ. ಬೆಳಕು ಮೇಲೇರಿತು. ಕೂಸು ಮಲಗಿರಲಿಲ್ಲ. ಕಣ್ಣು ಅಗಲಕ್ಕೆ ತೆರೆದಿತ್ತು. ನೀರು ಇಳಿಯುತ್ತಿತ್ತು. ದನಿ ಇರಲಿಲ್ಲ. ತುಟಿಯ ಮೂಲೆಯಲ್ಲಿ ಒಂದು ಹೊಲಿಗೆ. ಕಪ್ಪು. ಅವನ ಕಣ್ಣೆದುರೇ ಇನ್ನೊಂದು ಬಿತ್ತು.

ಕೌದಿ ಕಿತ್ತ. ಬರಲಿಲ್ಲ. ಮತ್ತೆ ಎಳೆದ. ಅದು ಕೂಸನ್ನೂ ಸೇರಿಸಿ ಬಂತು. ರಂಜಿತಾ ಕಿರುಚಿದಳು. ಅವಳ ಬುತ್ತಿಯ ರೊಟ್ಟಿ ಮುರಿದು ಕೌದಿಯ ಮೂಲೆಯ ಬಾಯಿಗೆ ಹಿಡಿದ. “ಉಣ್ಣವ್ವಾ. ತಪ್ಪಾತು. ಉಣ್ಣು.” ಒಳಗೆ ಬನ್ನು ಹಾಗೇ ಇತ್ತು, ಕಲ್ಲಾಗಿ. ರೊಟ್ಟಿ ಹೊರಕ್ಕೆ ಬಿತ್ತು. ಮತ್ತೆ ಇಟ್ಟ. ಮತ್ತೆ ಬಿತ್ತು. ಗೌತಮ ಮಂಡಿಯೂರಿದ. ಹಣೆ ನೆಲಕ್ಕೆ ಬಡಿದ. ಬನ್ನು ಕಿತ್ತೆಸೆದು, ತನ್ನ ಕೈಯನ್ನೇ ಆ ಬಾಯೊಳಗೆ ಇಟ್ಟ.

“ನನ್ನ ಉಣ್ಣು. ಕೂಸನ್ನ ಬಿಡು. ಕಾಲಿಗೆ ಬೀಳ್ತೀನಿ, ನನ್ನ ಉಣ್ಣು.”

ಒಳಗೆ ಬೆಚ್ಚಗಿತ್ತು. ಒದ್ದೆಯಾಗಿತ್ತು. ಏನೋ ಅವನ ಬೆರಳು ಹಿಡಿಯಿತು.

ಕೂಸು ಬಾಯಿ ತೆರೆದು ಅತ್ತಿತು. ಮನೆಯ ಸೂರು ಹಾರುವಂತೆ ಅತ್ತಿತು. ರಂಜಿತಾ ಅವಳನ್ನು ಬಾಚಿಕೊಂಡು ಅಂಗಳಕ್ಕೆ ಓಡಿದಳು. ಗೌತಮ ಕತ್ತಲಲ್ಲಿ, ಕೌದಿ ಹೊದ್ದುಕೊಂಡು, ಕೆರೆದುಕೊಳ್ಳುತ್ತ ಉಳಿದ.

ಈಗ ಮಗಳು ಓಡಾಡುತ್ತಾಳೆ, ಮಾತೂ ಬಂದಿದೆ. ಗೌತಮ ಮರಳಿಯ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ ತೊಡುತ್ತಾನೆ. ಡಾಕ್ಟರುಗಳು ಅವನ ಮೈ ಕೆರೆದು ನೋಡಿ, ಹುಳು ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀಯ ಎನ್ನುತ್ತಾರೆ. ಕಜ್ಜಿಯವರಿಗೆ ಅವನು ಈಗ ಬೈಯುವುದಿಲ್ಲ. “ಮದ್ದು ಹಚ್ಚಿದ ಮ್ಯಾಲೂ ಒಂದಿಷ್ಟು ವಾರ ಕೆರೀತೈತ್ರಿ, ಹೆದರಬ್ಯಾಡ್ರಿ,” ಎನ್ನುತ್ತಾನೆ. ಅವರೆಲ್ಲರಿಗೂ ವಾಸಿಯಾಗುತ್ತದೆ.

ಒಂದೇ ಒಂದು ಸಲ, ತಡೆಯಲಾರದೆ ಮಗಳನ್ನು ಎತ್ತಿಕೊಂಡಿದ್ದ. ಸಂಜೆಯೊಳಗೆ ಅವಳ ಅಂಗೈಯಲ್ಲಿ ಒಂದು ಗೀರು ಮೂಡಿತ್ತು. ಅಂದಿನಿಂದ ಅವಳು ಕೈ ಚಾಚಿ ಬಂದರೆ ಅವನು ಕೈ ಹಿಂದಕ್ಕೆ ಕಟ್ಟಿ ಗೋಡೆಗೆ ಆತುಕೊಳ್ಳುತ್ತಾನೆ. ಮೊದಮೊದಲು ಅಳುತ್ತಿದ್ದಳು. ಈಗ ಹತ್ತಿರ ಬರುವುದನ್ನೇ ಬಿಟ್ಟಿದ್ದಾಳೆ.

ಇವತ್ತು ಊಟದ ಹೊತ್ತಿಗೆ ಅವಳು ಹೊಸ್ತಿಲಲ್ಲೇ ನಿಂತು, ತನ್ನ ತಾಟಿನ ರೊಟ್ಟಿ ಮುರಿದು, ಅವನತ್ತ ಎಸೆದಳು.

“ಅಪ್ಪಾ, ಉಣ್ಣು.”

ರೊಟ್ಟಿ ನೆಲದ ಮೇಲೆ ಬಿತ್ತು. ಗೌತಮ ಬಗ್ಗಿ ಆರಿಸಿಕೊಂಡ. ಮಗಳು ಕೊಟ್ಟ ಮೊದಲ ತುತ್ತು. ಬಾಯಿಯವರೆಗೆ ಒಯ್ದ. ಒಳಕೋಣೆಯಲ್ಲಿ ಕೌದಿ ಪರ್, ಪರ್ ಎಂದು ಕೆರೆಯತೊಡಗಿತು. ಅವನು ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಎದ್ದು ಒಳಗೆ ಹೋದ.