ಬೇಡದೆ ಬಂದ ಬಣ್ಣ

ಕಾಲೇಜಿನ ಸಭೆಯಲ್ಲಿ ಎಲ್ಲರೂ ತನ್ನನ್ನು ನೋಡಿ ನಕ್ಕದ್ದನ್ನು ಲೆಕ್ಚರರ್ ಇನ್ನೂ ಮರೆತಿರಲಿಲ್ಲ. ಅನುಚಿತ ಲಾಭದ ಕಾನೂನಿನ ಮೇಲೆ ಅವನೂ ಪ್ರೊಫೆಸರರೂ ವರ್ಷಗಟ್ಟಲೆ ಜಗಳಾಡುತ್ತಲೇ ಬಂದಿದ್ದರು. ಯಾರದೋ ತಪ್ಪಿನಿಂದ ನಿನಗೆ ಲಾಭವಾದರೆ, ನೀನು ಕೇಳಿರದಿದ್ದರೂ ಬೆಲೆ ತೆರಬೇಕು ಎಂಬುದು ಪ್ರೊಫೆಸರರ ಮತ. ಕೇಳಲಿಲ್ಲ, ನೋಡಲಿಲ್ಲ, ಆದ್ದರಿಂದ ಕೊಡುವುದೂ ಇಲ್ಲ ಎಂಬುದು ಇವನದು.

"ನಿನ್ನ ವಾದ ಪುಸ್ತಕದಲ್ಲಿ ಚೆನ್ನಾಗಿದೆ ಕಣಯ್ಯಾ. ಬೀದಿಗೆ ತಂದ್ರೆ ಒಂದು ದಿನಾನೂ ಬಾಳಲ್ಲ," ಎಂದುಬಿಟ್ಟಿದ್ದರು ಪ್ರೊಫೆಸರರು ಆ ಸಭೆಯಲ್ಲಿ, ವಿಭಾಗದ ಹೊಸ ಮುಖ್ಯಸ್ಥನನ್ನು ಆರಿಸಬೇಕಿದ್ದ ಪ್ರಿನ್ಸಿಪಾಲರ ಎದುರಿಗೇ.

ಬೀದಿಗೆ ತಂದೇ ತೋರಿಸುತ್ತೇನೆ ಎಂದುಕೊಂಡ. ಇಬ್ಬರ ಮನೆಗಳೂ ಅಕ್ಕಪಕ್ಕ, ಅವಳಿಜವಳಿ. ಎರಡಕ್ಕೂ ಅದೇ ಮಾಸಿದ ಹಳದಿ. ವ್ಯತ್ಯಾಸ ಬಾಗಿಲ ಪಕ್ಕದ ಬೋರ್ಡಿನಲ್ಲಷ್ಟೇ. ಪ್ರೊಫೆಸರರದು ಪದವಿಗಳನ್ನೆಲ್ಲ ಹೊತ್ತ, ಮಗುವನ್ನು ಮಲಗಿಸಬಹುದಾದಷ್ಟು ಉದ್ದದ ಹಲಗೆ. ಇವನದು ಅಂಗೈಯಗಲ. ಪ್ರೊಫೆಸರರು ಬೋರ್ಡು ನೋಡಿಕೊಂಡು ತಮ್ಮ ಮನೆಗೆ ಹಸಿರು ಬಣ್ಣ ಹೊಡೆಯಲು ಬಣ್ಣದ ಮೇಸ್ತ್ರಿಗೆ ಹೇಳಿ ಮಗಳ ಮನೆಗೆ ಹೊರಟರು. ಅವರ ಬೆನ್ನು ಮರೆಯಾದದ್ದೇ ತಡ, ಇವನು ಬೋರ್ಡುಗಳನ್ನು ಅದಲುಬದಲು ಮಾಡಿದ.

ಇನ್ನು ಇಲ್ಲಿ ನಿಲ್ಲುವಂತಿಲ್ಲ. ನೋಡಿಯೂ ಸುಮ್ಮನಿದ್ದರೆ ತನ್ನದೇ ವಾದದಂತೆ ಹಣ ಕಕ್ಕಬೇಕಾಗುತ್ತದೆ. "ವಿಚಾರ ಸಂಕಿರಣಕ್ಕೆ ನಾನ್ಯಾಕ್ರೀ?" ಎಂದ ಹೆಂಡತಿಗೆ "ಹವಾ ಬದಲಾಗುತ್ತೆ, ಬಾ" ಎಂದು ಹೊರಡಿಸಿದ. ದೂರದೂರಿನಲ್ಲಿ ಇದೇ ವಿಷಯದ ಮೇಲೆ ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿದ. ಕೈ ಕೆಸರಾಗದೆಯೇ ಬಾಯಿ ಮೊಸರು! ಪ್ರೊಫೆಸರರಿಗಿಂತ ಮೊದಲೇ ಮರಳಿ, ಮುಸ್ಸಂಜೆಯ ಮಬ್ಬಿನಲ್ಲಿ ಬೋರ್ಡುಗಳನ್ನು ತಡಕಾಡಿ ತಂತಮ್ಮ ಜಾಗಕ್ಕೆ ಸೇರಿಸಿದ. ಹೆಂಡತಿ ಒಳಗೆ ಸಾಮಾನು ಬಿಚ್ಚುತ್ತಿದ್ದಳು.

ಬೆಳಿಗ್ಗೆ ಪ್ರೊಫೆಸರರು ಬಂದು ನೋಡಿದರೆ ಅವರ ಮನೆ ಹಳದಿಯಾಗಿಯೇ ಇತ್ತು, ಪಕ್ಕದ ಲೆಕ್ಚರರನ ಮನೆ ಹಸಿರಾಗಿತ್ತು. ಮೇಸ್ತ್ರಿ ತಲೆ ಕೆರೆದುಕೊಂಡ. ತನ್ನ ಗೆಲುವಿಗೆ ಸಾಕ್ಷಿ ಬೇಕೆಂದು ಲೆಕ್ಚರರ್ ಪ್ರಿನ್ಸಿಪಾಲರನ್ನು ಕಾಫಿಗೆ ಕರೆಸಿಕೊಂಡಿದ್ದ. ಬಣ್ಣದ ದುಡ್ಡು ಕೊಡೆಂದು ಪ್ರೊಫೆಸರರು ಕೇಳಿದಾಗ ಅಂಗಳದಲ್ಲೇ ನಿಂತು ಕೈ ಜೋಡಿಸಿದ. "ನಾನು ಕೇಳಿಲ್ಲ, ಊರಲ್ಲೇ ಇರಲಿಲ್ಲ. ತಪ್ಪು ಮೇಸ್ತ್ರೀದು. ನಾನ್ಯಾಕೆ ಕೊಡ್ಲಿ ಸಾರ್?"

ಪ್ರಿನ್ಸಿಪಾಲರು ಹೌದೆಂಬಂತೆ ತಲೆಯಾಡಿಸಿದರು. ಲೆಕ್ಚರರನಿಗೆ ಮುಖ್ಯಸ್ಥನ ಕುರ್ಚಿಯ ಮೆತ್ತೆ ಆಗಲೇ ತಗುಲಿದಂತಾಯಿತು.

ಅಷ್ಟರಲ್ಲಿ ಪ್ರಿನ್ಸಿಪಾಲರ ಕಣ್ಣು ಅವನ ಪುಟ್ಟ ಬೋರ್ಡಿನತ್ತ ಹೊರಳಿತು. ಹೊಸ ಹಸಿರಿನ ನಡುವೆ, ಬೋರ್ಡಿನ ಎರಡೂ ಬದಿಗೆ, ಹಳೆಯ ಹಳದಿಯ ಉದ್ದನೆಯ ಪಟ್ಟಿ ಕಾಣುತ್ತಿತ್ತು. "ಇದೇನಯ್ಯಾ?" ಎಂದರು. "ಬೋರ್ಡು ಬಿಚ್ಚಿದ್ರೆ ಗೋಡೆ ಕಿತ್ತು ಬರುತ್ತೆ ಅಂತ ಸುತ್ತ ಟೇಪ್ ಅಂಟಿಸಿ ಬಣ್ಣ ಹೊಡೆದ್ವಿ ಸಾರ್," ಎಂದ ಮೇಸ್ತ್ರಿ. ಪ್ರೊಫೆಸರರು ಪಕ್ಕದ ತಮ್ಮ ಮನೆಗೆ ಹೋದರು, ತಮ್ಮ ಹಲಗೆಯನ್ನು ಬಿಚ್ಚಿ ತಂದರು, ಪುಟ್ಟ ಬೋರ್ಡನ್ನು ತೆಗೆದು ಆ ಹಳದಿಯ ಮೇಲೆ ಇಟ್ಟರು. ಅವರ ಪದವಿಗಳೆಲ್ಲ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತವು.