ಬಸವಣ್ಣೆಪ್ಪನ ಬಾವಿಯ ನೀರು

ಅಜೀಜಾ ಬೇಗಂ ಖಾಲಿ ಕೊಡ ಹಿಡಿದುಕೊಂಡು ಬಾಗಿಲಿಗೆ ಬಂದಾಗ ನಾನು ಕಾಂತಾಬಾಯಿಯವರ ಜೊತೆ ಚಹಾ ಕುಡಿಯುತ್ತಿದ್ದೆ. ಎರಡು ಸಾವಿರದ ಹದಿನಾರರ ಬೇಸಿಗೆ ಅದು. ಭಾಲ್ಕಿಯ ನಮ್ಮ ಗಲ್ಲಿಯಲ್ಲಿ ಖಾಲಿ ಕೊಡ ಹೊಸ ಸುದ್ದಿಯೇನಲ್ಲ. ಆದರೆ ಬೇಗಂ ಅಳುತ್ತಿದ್ದದ್ದು ನೀರಿಗಾಗಿ ಅಲ್ಲ.

"ಬಸವಣ್ಣೆಪ್ಪನೋರು ಬಾವಿಗಿ ಕೀಲಿ ಹಾಕ್ಯಾರ, ಬಾಯಿ. ನೀರಾಗ ನಾ ಏನೋ ಹಾಕಿ ಕೆಡಿಸೀನಂತ. ನೀರು ಎಲ್ಲಿಂದಾದ್ರೂ ತರ್ತೇನಿ. ಈ ಹೆಸರು ಹೊತ್ಕೊಂಡು ಗಲ್ಲಿದಾಗ ಹ್ಯಾಂಗ ಇರ್ಲಿ?"

ಕಾಂತಾಬಾಯಿಯವರು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಮ್ಮಲ್ಲಿ ಕಳವಾದರೂ ಜಗಳವಾದರೂ ದೂರು ಮೊದಲು ಅವರ ಪಡಸಾಲೆಗೆ ಬರುತ್ತದೆ, ಆಮೇಲೆ ಬೇಕಾದರೆ ಪೊಲೀಸ್ ಠಾಣೆಗೆ. ಅವರ ಮನೆಯ ಮುಂದಿನ ಕೋಣೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನಾನು, ಮಾಣಿಕ, ಅವರ ಹಿಂದೆ ತಿರುಗುವವನು. ಬಾಡಿಗೆ ಕಡಿಮೆ ಎಂದು ತಿರುಗುತ್ತಾನೆ ಅನ್ನುವವರಿದ್ದಾರೆ. ಅನ್ನಲಿ.

ಬೇಗಂ ಹೇಳಿದ ಸಂಗತಿ ನನ್ನ ಕಣ್ಣೆದುರೇ ನಡೆದಿತ್ತು. ಬಸವಣ್ಣೆಪ್ಪ ಮನೆ ಮಾರಿ ಬೀದರಿನ ನೌಬಾದಿಗೆ ಹೋಗುವವನಿದ್ದ. ಕೊಳ್ಳುವವರು ನೋಡಿದ ಕೂಡಲೇ ಮರುಳಾಗಬೇಕೆಂದು ಆಸಾಮಿ ಏನೆಲ್ಲ ಮಾಡಿದ! ಸುಣ್ಣ ಹಳೇ ಕಾಲದ್ದೆಂದು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಗೋಡೆಗಳಿಗೆಲ್ಲ ಗುಲಾಬಿ ಪೇಂಟ್ ಹೊಡೆಸಿದ. ಬೀಗರ ಮನೆಯಿಂದ ಸೋಫಾ ತರಿಸಿದ, ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟ, ಒರಳು, ಬೀಸುವ ಕಲ್ಲುಗಳನ್ನು ಹಿತ್ತಲಿಗೆ ಉರುಳಿಸಿದ. ಫೋಟೋ ತೆಗೆಯಲು ನನ್ನನ್ನೂ ಕರೆಸಿದ. ಇಷ್ಟಾದರೂ ಆ ಮನೆಯ ನಿಜವಾದ ಬೆಲೆ ಇದ್ದದ್ದು ಬಾವಿಯಲ್ಲಿ. ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಬತ್ತಿದಾಗಲೂ ಅದರ ತಳದಲ್ಲಿ ಸಿಹಿನೀರು ಇತ್ತು. ಗಲ್ಲಿಯ ನಾಲ್ಕು ಮನೆಯವರು ಅಲ್ಲಿಂದಲೇ ಸೇದುತ್ತಿದ್ದರು.

ನೋಡಲು ಬಂದವರು ಔರಾದ ಕಡೆಯ ಸಂತಪುರದವರು: ನರಸಿಂಗ, ಅವನ ಹೆಂಡತಿ ಕೌಸಲ್ಯಾಬಾಯಿ, ಅವನ ಅಕ್ಕ ಜಿಜಾಬಾಯಿ. ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ನರಸಿಂಗ ಭಾಲ್ಕಿಯಲ್ಲಿ ಕಿರಾಣಿ ಅಂಗಡಿ ಹಾಕುವ ಯೋಚನೆ ಮಾಡಿದ್ದ. ಕೌಸಲ್ಯಾಬಾಯಿ ತಾನೇ ಬಾವಿಯಿಂದ ನೀರು ಸೇದಿ, ಊರಿಂದ ತಂದ ಒಂದು ಹಿಡಿ ತೊಗರಿ ಬೇಳೆ, ಚಿಟಿಕೆ ಅರಿಸಿನ ಹಾಕಿ ಅಂಗಳದ ಒಲೆಯ ಮೇಲಿಟ್ಟಳು. ಬೇಳೆ ಕರಗಿದರೆ ನೀರು ಒಳ್ಳೆಯದು, ಇಲ್ಲದಿದ್ದರೆ ಮನೆ ಬೇಡ. ಬೇಳೆ ಬಂಗಾರದಷ್ಟು ತುಟ್ಟಿಯಾಗಿದ್ದ ವರ್ಷ ಅದು. ಆದರೂ ಆಕೆ ಈ ಪರೀಕ್ಷೆ ಬಿಡುವವಳಲ್ಲ.

ಮನೆ ನೋಡುವಾಗ ಜಿಜಾಬಾಯಿ ಕೇಳಿದ್ದು ಒಂದೇ ಮಾತು, ದನ ಎಲ್ಲಿ ಕಟ್ಟುತ್ತಿದ್ದಿರಿ ಎಂದು. ಬಸವಣ್ಣೆಪ್ಪ ಎದೆಯುಬ್ಬಿಸಿ, ಕೊಟ್ಟಿಗೆಯ ವಾಸನೆಯೂ ಇಲ್ಲದಂತೆ ನೆಲಕ್ಕೆ ಟೈಲ್ಸ್ ಹಾಕಿಸಿ ಮೋಟಾರ್ ಸೈಕಲ್ ನಿಲ್ಲಿಸುವ ಜಾಗ ಮಾಡಿದ್ದೇನೆ ಎಂದ. ಆಮೇಲೆ ಅವಳು ಮೊಣಕಾಲು ನೋವೆಂದು ಒಲೆಯ ಪಕ್ಕದ ಕಟ್ಟೆಯ ಮೇಲೆ ಕೂತಳು. ಉಳಿದವರು ಮಾಳಿಗೆ ಹತ್ತಿದರು. ಬಸವಣ್ಣೆಪ್ಪನ ಹೆಂಡತಿ ವಿಮಲಾಬಾಯಿ ಚಹಾದ ಕಪ್ಪು ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದಳು. ಅದೇ ಹೊತ್ತಿಗೆ ಅಜೀಜಾ ಬೇಗಂ ಬಂದು ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ತುಂಬಿಕೊಂಡು ಒಲೆಯ ಪಕ್ಕದಿಂದಲೇ ಹೋದದ್ದು ಮಾಳಿಗೆಯ ಮೇಲಿದ್ದ ನನಗೆ ಕಂಡಿತು.

ಎಲ್ಲರೂ ಇಳಿದು ಬಂದು ಎಷ್ಟು ಹೊತ್ತು ಕಾದರೂ ಬೇಳೆ ಬೇಯಲಿಲ್ಲ. ಮುಚ್ಚಳ ತೆಗೆದರೆ ಕೆಂಪು ನೀರಿನಲ್ಲಿ ಹರಳಿನಂತೆ ಬಿದ್ದಿತ್ತು. ಖಾರದ ಪುಡಿ ಬಿದ್ದಿರಬೇಕು ಅಂದುಕೊಂಡೆ. ನರಸಿಂಗನ ಮುಖ ಇಳಿಯಿತು. ಹೋಗುವಾಗ ವಿಮಲಾಬಾಯಿ ಎಲೆ ಅಡಿಕೆ ಕೊಟ್ಟರೆ ಜಿಜಾಬಾಯಿ ಸುಣ್ಣ ಕೇಳಿದಳು. ಆ ಮನೆಯಲ್ಲಿ ಎಲೆ ತಿನ್ನುವವರೇ ಇಲ್ಲ. ಸುಡುಬಿಸಿಲಲ್ಲಿ ಪಾನ್ ಅಂಗಡಿಗೆ ಓಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಅವಳ ಸೊಂಟದಲ್ಲಿ ಎಲೆ ಅಡಿಕೆಯ ಡಬ್ಬಿ ಇದ್ದದ್ದನ್ನು ನೋಡಿ ಮನಸ್ಸಿನಲ್ಲೇ ಬೈದುಕೊಂಡು ಹೋದೆ.

ಅವರು ಭಾತಂಬ್ರಾದ ನೆಂಟರ ಮನೆಗೆ ಹೋದರು. ಬಾವಿಯಲ್ಲಿ ಯಾರೋ ಏನೋ ಹಾಕಿದ್ದಾರೆಂದು ಬಸವಣ್ಣೆಪ್ಪ ಕೂಗಾಡಿದ. ಹೊಸಬರು ಬಂದರೆ ನಮಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಬೇಗಂ ಹಿಂದೊಮ್ಮೆ ಅಂದಿದ್ದು ಅವನಿಗೆ ಆಗ ನೆನಪಾಯಿತು. ಮರುದಿನ ಬಾವಿಗೆ ಕೀಲಿ ಬಿತ್ತು.

ನಾನು ಇಷ್ಟನ್ನೂ ಹೇಳಿ ಮುಗಿಸಿದೆ. ಕಾಂತಾಬಾಯಿಯವರು ಬೇಗಂಳನ್ನು ಕೇಳಿದರು: "ಅವತ್ತು ಒಯ್ದ ನೀರಾಗ ಏನು ಮಾಡಿದ್ರಿ?"

"ಬ್ಯಾಳಿನೇ ಮಾಡಿದ್ದೆ, ಬಾಯಿ. ದಿನದಂಗ ಬೆಣ್ಣಿ ಆಗಿತ್ತು."

ಅವರು ನನ್ನ ಕಡೆ ತಿರುಗಿ ಆ ಬೇಳೆಯ ಬಣ್ಣ ಇನ್ನೊಮ್ಮೆ ಹೇಳಿಸಿದರು. ಸುಣ್ಣಕ್ಕೆ ಓಡಿದ್ದನ್ನೂ ಇನ್ನೊಮ್ಮೆ ಹೇಳಿಸಿದರು. ನಾನು ಬಿಸಿಲಿನ ಬಗ್ಗೆ ಗೊಣಗಿದ್ದನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಭಾತಂಬ್ರಾಕ್ಕೆ ಫೋನ್ ಮಾಡು, ಎಲ್ಲರೂ ಸಂಜೆ ಬಸವಣ್ಣೆಪ್ಪನ ಅಂಗಳಕ್ಕೆ ಬರಲಿ ಎಂದರು.

ಸಂಜೆ ಎಲ್ಲರೂ ಸೇರಿದರು. ಬೇಗಂ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಕಾಂತಾಬಾಯಿಯವರು ಒಂದು ಬಟ್ಟಲಲ್ಲಿ ಅರಿಸಿನದ ನೀರು ತರಿಸಿ ಅದಕ್ಕೆ ತಾವೇ ತಂದಿದ್ದ ಸುಣ್ಣವನ್ನು ಬೆರಳ ತುದಿಯಷ್ಟು ಹಾಕಿದರು. ನೀರು ಕೆಂಪಾಯಿತು.

"ಆರತಿ ನೀರು," ಎಂದಳು ಕೌಸಲ್ಯಾಬಾಯಿ.

"ಹೌದ್ರಿ. ನಿಮ್ಮ ಬ್ಯಾಳಿ ಕೆಂಪಾಗಿದ್ದೂ ಹಿಂಗೇ. ಸುಣ್ಣ ಬಿದ್ದ ನೀರಾಗ ಬ್ಯಾಳಿ ಬೇಯಂಗಿಲ್ಲ."

ಆಮೇಲೆ ಅವರು ಒಂದೊಂದಾಗಿ ಬಿಡಿಸಿಟ್ಟರು. ಸುಣ್ಣ ಬಾವಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಅದೇ ಹೊತ್ತಿಗೆ ಸೇದಿದ ಬೇಗಂಳ ಬೇಳೆಯೂ ಗಟ್ಟಿಯಾಗೇ ಇರಬೇಕಿತ್ತು. ಬಿದ್ದದ್ದು ಒಲೆಯ ಮೇಲಿನ ಪಾತ್ರೆಗೆ. ಬೇಗಂ ಒಲೆ ದಾಟುವಾಗ ಒಂದು ಕೈ ತಲೆಯ ಕೊಡದ ಮೇಲೆ, ಇನ್ನೊಂದು ಕಂಕುಳ ಕೊಡದ ಮೇಲೆ ಇತ್ತು. ಮುಚ್ಚಳ ಎತ್ತಲು ಮೂರನೇ ಕೈ ಬೇಕು. ವಿಮಲಾಬಾಯಿಗೆ ಕೈ ಇತ್ತು, ಸುಣ್ಣ ಇರಲಿಲ್ಲ. ಗೋಡೆಗೆ ಹೊಡೆಸಿದ್ದು ಪೇಂಟು, ಎಲೆ ತಿನ್ನುವವರಿಲ್ಲ, ಅದಕ್ಕೇ ನಾನು ಅಂಗಡಿಗೆ ಓಡಬೇಕಾಯಿತು. ಇನ್ನು ಉಳಿದವರು ಒಬ್ಬರೇ. ಮನೆಯಿಂದ ಎಲೆ ಅಡಿಕೆಯ ಡಬ್ಬಿ ತಂದವರು ಸುಣ್ಣವನ್ನಷ್ಟೇ ಮರೆಯುವುದಿಲ್ಲ. ಅವರ ಸುಣ್ಣ ಆಗಲೇ ಖರ್ಚಾಗಿತ್ತು.

ಜಿಜಾಬಾಯಿ ತಲೆ ತಗ್ಗಿಸಲಿಲ್ಲ. "ನಾನೇ ಹಾಕೀನ್ರಿ," ಎಂದಳು. "ಸಂತಪುರದಾಗ ನಂದೊಂದು ಎಮ್ಮಿ ಅದ, ಗಬ್ಬ ಅದ. ಮೇವಿಲ್ಲದಾಗ ನನ್ನ ಪಾಲಿನ ರೊಟ್ಟಿ ಹಾಕಿ ಉಳಿಸ್ಕೊಂಡೀನಿ. ಮನಿ ನೋಡ್ಲಾಕ ಕರ್ಕೊಂಡು ಬಂದ್ರು, ಎಮ್ಮಿ ಎಲ್ಲಿ ಕಟ್ಟೋದಂತ ಒಬ್ಬರೂ ಕೇಳಲಿಲ್ಲ. ಈ ಟೈಲ್ಸಿನ ಮ್ಯಾಲ ಅದು ಜಾರಿ ಬಿದ್ರ ಕರುನೂ ಹೋಗ್ತದ, ಅದೂ ಹೋಗ್ತದ."

ನರಸಿಂಗ ಬಂದು ಅಕ್ಕನ ಪಕ್ಕದಲ್ಲಿ ಕೂತ. ಎಮ್ಮೆ ಮಾರುವ ಮಾತನ್ನು ಅಕ್ಕನಿಗೆ ಹೇಗೆ ಹೇಳಲಿ ಎಂದು ತಾನು ಮುಂದೂಡುತ್ತಲೇ ಬಂದಿದ್ದೆ, ಈ ಬಾವಿಯ ನೀರಿದ್ದರೆ ಮಾರುವ ಅವಶ್ಯಕತೆಯೇ ಇಲ್ಲ ಎಂದು ಕೊನೆಗೆ ಒಪ್ಪಿಕೊಂಡ. ಕಾಂತಾಬಾಯಿಯವರು ಬಸವಣ್ಣೆಪ್ಪನತ್ತ ನೋಡಿದರು. ಅವನು ತನ್ನ ಹೊಸ ನೆಲವನ್ನು ಒಮ್ಮೆ ಆಸೆಯಿಂದ ನೋಡಿಕೊಂಡು, ಟೈಲ್ಸ್ ಕಿತ್ತಿಸಿ ಮೊದಲಿನಂತೆ ಒರಟುಗಲ್ಲು ಹಾಸಿಸಿಯೇ ಮನೆ ಕೊಡುತ್ತೇನೆ ಎಂದ. ವಿಮಲಾಬಾಯಿ ಕೀಲಿ ತೆಗೆಯಲು ಎದ್ದಳು. ನನಗೋ, ಗುಲಾಬಿ ಬಣ್ಣದ ಆ ಫೋಟೋಗಳನ್ನೆಲ್ಲ ಮತ್ತೆ ತೆಗೆಯಬೇಕಲ್ಲ ಎಂಬ ಚಿಂತೆ.

ಜಿಜಾಬಾಯಿ ಬಾಗಿಲಿಗೆ ಹೋಗಿ ಬೇಗಂಳ ಕೈ ಹಿಡಿದು ತಪ್ಪಾಯಿತು ಅಂದಳು. ಬೇಗಂ ಕೈ ಬಿಡಿಸಿಕೊಂಡಳು.

"ಒಳಗ ಹೇಳಿದ್ರ ಸಾಲಂಗಿಲ್ಲರಿ. ನನ್ನ ಹೆಸರು ಕೆಟ್ಟದ್ದು ಹೊರಗ."

ಅದು ನ್ಯಾಯದ ಮಾತು. ನನ್ನ ಎದೆಗೇ ತಾಗಿತು. ಜಿಜಾಬಾಯಿ ಸೆರಗು ಸರಿಮಾಡಿಕೊಂಡು ಗಲ್ಲಿಗೆ ಇಳಿದಳು. ಟ್ಯಾಂಕರಿಗಾಗಿ ಕೊಡಗಳ ಸಾಲು ಹಚ್ಚಿಕೊಂಡು ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅಷ್ಟು ಜನರ ಎದುರು ಅವಳು ಗಟ್ಟಿಯಾಗಿ ಹೇಳಿದಳು: "ಬಾವಿ ನೀರು ಕೆಟ್ಟಿಲ್ಲರಿ. ಗಡಿಗಿದಾಗ ಸುಣ್ಣ ಹಾಕಿದಾಕಿ ನಾನು. ಈ ಬೇಗಂದು ಏನೂ ತಪ್ಪಿಲ್ಲ."

ಬೇಗಂ ಕಣ್ಣೊರೆಸಿಕೊಂಡು ಅವಳ ಪಕ್ಕಕ್ಕೆ ಬಂದು ನಿಂತಳು.

"ಎಮ್ಮಿ ಈದ ಮ್ಯಾಲ," ಎಂದಳು, "ಗಿಣ್ಣದ ಹಾಲು ಮೊದಲು ನಮ್ಮ ಮನಿಗಿ ಬರಬೇಕು."